ಪುಣೆಯ ಬಾಲ್ಕನಿಯಲ್ಲಿ ಅಝೇಲಿಯಾ: ಎಲೆ ಹಳದಿಯಾಗುವುದೇಕೆ?

ಚಳಿಗಾಲದಲ್ಲಿ ಮೊಗ್ಗು ತುಂಬಿಕೊಂಡು ನರ್ಸರಿಯಿಂದ ಬಂದ ಅಝೇಲಿಯಾ ಏಪ್ರಿಲ್ ಹೊತ್ತಿಗೆ ಬಿಳಿಚಿಕೊಳ್ಳುತ್ತದೆ. ಎಳೆ ಎಲೆ ಹಳದಿ, ನರಗಳು ಮಾತ್ರ ಹಸಿರು. ಪಾಪ, ಹೊಟ್ಟೆಗೆ ಸಾಲದೇನೋ ಎಂದು ಗೊಬ್ಬರ ಸುರಿದರೆ ತೆಳು ಬೇರು ಸುಟ್ಟು ಗಿಡವೇ ಹೋಗುತ್ತದೆ. ತಪ್ಪು ಸಾಮಾನ್ಯವಾಗಿ ನೀರಿನಲ್ಲಿರುವ ಸುಣ್ಣದ್ದು.

ಅಝೇಲಿಯಾ ಎರಿಕೇಸಿ ಕುಟುಂಬದ ರೋಡೋಡೆಂಡ್ರಾನ್ ಕುಲಕ್ಕೆ ಸೇರಿದ್ದು. ನೀಲಗಿರಿಯ ಶೋಲಾ ಕಾಡಿನಂಚಿನಲ್ಲಿ ಕೆಂಪಗೆ ಅರಳುವ ಮರದ ದಾಯಾದಿ. ಅಂಗಡಿಯವರು 'ಇಂಡಿಯನ್ ಅಝೇಲಿಯಾ' ಎಂದು ಮಾರುವುದರ ಮೂಲ ಚೀನಾ ಕಡೆಯ ಬೆಟ್ಟಗಳು. ಹೆಸರು ನಂಬಿ ನಮ್ಮ ಬಿಸಿಲಿಗೆ ಒಡ್ಡಬೇಡಿ.

ಗಿಡದ ಗುಟ್ಟೆಲ್ಲ ಬೇರಿನಲ್ಲಿದೆ. ಕುಂಡದಿಂದ ಎತ್ತಿ ನೋಡಿದರೆ ಕೂದಲಿಗಿಂತ ಸಣ್ಣ ಎಳೆಗಳ ಒತ್ತಾದ ಉಂಡೆ ಕಾಣುತ್ತದೆ. ಈ ಎಳೆಗಳಿಗೆ ಬೇರುರೋಮಗಳಿಲ್ಲ. ಅವುಗಳ ಜೀವಕೋಶದೊಳಗೇ ಸುರುಳಿ ಸುತ್ತಿಕೊಂಡ ಶಿಲೀಂಧ್ರ, ಕೊಳೆತ ಎಲೆಯ ಹುಳಿ ನೆಲದಿಂದ ಸಾರಜನಕ ಒದಗಿಸುತ್ತದೆ. ಹುಳಿ-ಕ್ಷಾರದ ಅಳತೆಯಾದ ಪಿಎಚ್ (7ಕ್ಕಿಂತ ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಕ್ಷಾರ) 4.5ರಿಂದ 5.5ರೊಳಗಿದ್ದರೆ ಎಲ್ಲ ಸುಸೂತ್ರ. ಪುಣೆಯ ಕರಿಮಣ್ಣು, ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು ಪಿಎಚ್ ಅನ್ನು 7ರ ಮೇಲಕ್ಕೆ ಒಯ್ಯುತ್ತವೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕರಗದೆ ಬೇರಿಗೆ ಸಿಗುವುದಿಲ್ಲ.

ಹಾಗಾಗಿ ಕುಂಡಕ್ಕೆ ಮಣ್ಣೇ ಬೇಡ. ತೊಳೆದು ಉಪ್ಪು ತೆಗೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಎಲೆಗೊಬ್ಬರ ಒಂದು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಒಂದು ಪಾಲು. ಮೊಟ್ಟೆ ಚಿಪ್ಪು, ಒಲೆಬೂದಿ ಕಡ್ಡಾಯವಾಗಿ ದೂರ, ಎರಡೂ ಕ್ಷಾರವೇ. ಬೇರು ಮೇಲುಮೇಲಕ್ಕೇ ಇರುವುದರಿಂದ ಅಗಲದ, ತಗ್ಗಿನ ಕುಂಡ ಸಾಕು, ಕೆದಕುವ ಹಾಗಿಲ್ಲ. ಕೋಕೋಪೀಟ್ ಪೂರ್ತಿ ಒಣಗಿದರೆ ಮೇಲಿಂದ ಹೊಯ್ದ ನೀರು ಅಂಚಿನಿಂದ ಜಾರಿ ತಟ್ಟೆಗೆ ಬರುತ್ತದೆ, ಉಂಡೆಯ ಒಳಗು ಒಣಗಿಯೇ ಇರುತ್ತದೆ. ಕುಂಡವನ್ನೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ, ಆಮೇಲೆ ಚೆನ್ನಾಗಿ ಬಸಿಯಲು ಬಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಉಳಿದಂತೆ ಒಂದು ಲೀಟರ್ ನೀರಿಗೆ 1 ಮಿ.ಲೀ. ಬಿಳಿ ವಿನೆಗರ್ ಬೆರೆಸಿ ಪಿಎಚ್ ಕಾಗದದಲ್ಲಿ ನೋಡಿ. 6ರ ಕೆಳಗಿಳಿಯುವವರೆಗೆ ತುಸುತುಸುವೇ ಹೆಚ್ಚಿಸಿ. ಗಡಸು ನೀರಿಗೆ 4–5 ಮಿ.ಲೀ. ಬೇಕಾದೀತು. ಹಳದಿಗೆ ತಿರುಗಿದ ಗಿಡಕ್ಕೆ ಲೀಟರಿಗೆ 1 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್), ಇಲ್ಲಿಯವರ ಬಾಯಲ್ಲಿ ಹಿರಾಕಸ, ಈ ಹುಳಿನೀರಿನಲ್ಲೇ ಕರಗಿಸಿ ಹಾಕಿ. ಹಳೆಯ ಎಲೆ ಮತ್ತೆ ಹಸಿರಾಗದೆ ಇರಬಹುದು, ಚಿಗುರು ನೋಡಿ ತೀರ್ಮಾನಿಸಿ.

ಕತ್ತರಿ ಹಾಕುವುದು ಹೂ ಬಾಡಿದ ಕೂಡಲೇ. ಮುಂದಿನ ಮೊಗ್ಗು ಈ ವರ್ಷದ ರೆಂಬೆತುದಿಯಲ್ಲೇ ಕಟ್ಟುತ್ತದೆ. ದೀಪಾವಳಿಗೆ ಸವರಿದರೆ ಹೂವನ್ನೇ ಸವರಿದಂತೆ. ಮೊಗ್ಗು ಒಡೆಯಲು ತಂಪಿನ ವಾರಗಳೂ ಬೇಕು, ಆದ್ದರಿಂದ ಪುಣೆಯಲ್ಲಿ ಮರುವರ್ಷ ಹೂ ಕಡಿಮೆಯಾದರೆ ನಿಮ್ಮ ಆರೈಕೆಯನ್ನು ದೂರಬೇಡಿ.

ಹೂವಿನ ಒಳಗನ್ನು ನೋಡುವ ಆಸೆಯಿದ್ದರೆ ಕೊಳ್ಳುವಾಗ ಒಂಟಿಸುತ್ತಿನ ಹೂವಿನದ್ದೇ ಆರಿಸಿ. ಜೋಡುಸುತ್ತಿನದರಲ್ಲಿ ಕೇಸರಗಳು ಬಹುಪಾಲು ಎಸಳಾಗಿರುತ್ತವೆ. ಒಂಟಿಹೂವಿನ ಪರಾಗಕೋಶ ಉದ್ದಕ್ಕೆ ಸೀಳುವುದಿಲ್ಲ, ತುದಿಯಲ್ಲಿ ಎರಡು ರಂಧ್ರ ತೆರೆಯುತ್ತದೆ. ಕಡ್ಡಿತುದಿ ತಾಗಿಸಿದರೆ ಪರಾಗ ಅಂಟುನೂಲಿನಲ್ಲಿ ಪೋಣಿಸಿದಂತೆ ಎಳೆದು ಬರುತ್ತದೆ. ನೋಡಿದ ಮೇಲೆ ಕೈ ತೊಳೆಯಿರಿ. ಎಲೆ, ಹೂ ಎರಡರಲ್ಲೂ ಗ್ರೇಯನೋಟಾಕ್ಸಿನ್ ಎಂಬ ವಿಷವಿದೆ. ಬೆಕ್ಕು, ನಾಯಿ, ಅಂಬೆಗಾಲಿನ ಮಕ್ಕಳಿರುವ ಮನೆಯಲ್ಲಿ ಕುಂಡ ಎತ್ತರದಲ್ಲಿರಲಿ.