ಕೈ ಎತ್ತಿಸಿದ ಸಮಾಜ ಮೇಷ್ಟ್ರು

ನಮ್ಮ ಸಮಾಜ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಅವರು ಹೇಳಿಕೊಟ್ಟ ಇಸವಿಗಳಲ್ಲಿ ಮುಕ್ಕಾಲು ಪಾಲು ನನಗೆ ಮರೆತೇ ಹೋಗಿವೆ. 1989ರ ಮಳೆಗಾಲದ ಒಂದು ಪೀರಿಯಡ್ ಮಾತ್ರ ಚೆನ್ನಾಗಿ ನೆನಪಿದೆ.

ಆಗ ನಾವು ಹತ್ತನೇ ಕ್ಲಾಸು. ಲೀಡರ್ ವಿಪರೀತ ಸ್ಟ್ರಿಕ್ಟು. ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆದು, ಮುಂದೆ ಇಂಟು ಮಾರ್ಕ್ ಬೇರೆ! ಇವನನ್ನು ಇಳಿಸಬೇಕು ಅಂತ ಹಿಂದಿನ ಬೆಂಚಿನಲ್ಲಿ ತೀರ್ಮಾನವಾಯಿತು. ಅರ್ಜಿ ಬರೆದವನು ನಾನೇ. ನನ್ನಷ್ಟು ದುಂಡಗೆ ಬರೆಯುವವರು ಕ್ಲಾಸಿನಲ್ಲಿ ಇನ್ನೊಬ್ಬರಿರಲಿಲ್ಲ, ಕೋರ್ಟಿನಲ್ಲಿ ಈಗಲೂ ಹಾಗೇ ಅಂತಾರೆ. ಗೇಟಿನ ಹತ್ತಿರ ಉಪ್ಪು ಖಾರ ಹಚ್ಚಿದ ನೆಲ್ಲಿಕಾಯಿ ಕೊಡಿಸಿ, ಅರ್ಧ ಕ್ಲಾಸಿಗಿಂತ ಜಾಸ್ತಿ ಸಹಿ ಹಾಕಿಸಿದೆವು. ಹೆಡ್‌ಮಾಸ್ಟರ ಟೇಬಲ್ ಮೇಲೆ ಇಟ್ಟು ಓಡಿ ಬಂದೆವು.

ಮಧ್ಯಾಹ್ನ ಅದೇ ಕಾಗದ ಹಿಡಿದು ಮೇಷ್ಟ್ರು ಬಂದರು. ಬೈಯಲಿಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ಹೇಳಿದರು. ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಬೆಂಬಲವಿಲ್ಲ ಅಂತ 19 ಶಾಸಕರ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈ ಸೇರಿದ್ದವು. ಅಷ್ಟರಲ್ಲೇ ಅವರಲ್ಲಿ 7 ಜನ ಉಲ್ಟಾ ಹೊಡೆದರು. ಸದನದಲ್ಲೇ ಬಹುಮತ ತೋರಿಸ್ತೀನಿ ಅಂತ ಬೊಮ್ಮಾಯಿಯವರು ಕೇಳಿದರೂ ರಾಜ್ಯಪಾಲರು ಒಪ್ಪಲಿಲ್ಲ. 21ಕ್ಕೆ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂತು.

“ಅವನನ್ನ ಲೀಡರ್ ಮಾಡಿದ್ದು ನೀವು ಕಣ್ರೋ, ಹೆಡ್‌ಮಾಸ್ಟರಲ್ಲ. ಇಳಿಸೋದಾದ್ರೂ ಇಲ್ಲೇ, ಅವನ ಎದುರಿಗೇ ಇಳಿಸಿ. ಎತ್ತಿ ಕೈ!”

ಎದ್ದದ್ದು ಆರೋ ಏಳೋ ಕೈ. ನೆಲ್ಲಿಕಾಯಿ ತಿಂದವರೆಲ್ಲ ಕಿಟಕಿ ಕಡೆ ನೋಡುತ್ತಾ ಕೂತಿದ್ದರು.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, ಆ ವಜಾ ಪ್ರಶ್ನಿಸಿ ಬೊಮ್ಮಾಯಿಯವರು ಹಾಕಿದ್ದ ಕೇಸಿನ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಗೊತ್ತಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಅಂತ. ಆಗ ನಾನು ಲಾ ಓದುತ್ತಿದ್ದೆ. ಪೇಪರ್ ಹಿಡಿದು ನೇರ ಮೇಷ್ಟ್ರ ಮನೆಗೆ ಹೋದೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. “ಅವರಿಗೆ ಐದು ವರ್ಷ ಹಿಡೀತು ನೋಡು. ನಿಮಗೆ ಒಂದು ಪೀರಿಯಡ್‌ನಲ್ಲಿ ಹೇಳಿದ್ದೆ” ಅಂದು ಕಾಫಿಗೆ ಕೂಗಿದರು. ಅಷ್ಟು ಹೊತ್ತಿಗೆ ಆ ವಿಧಾನಸಭೆಯ ಅವಧಿ ಎಂದೋ ಮುಗಿದಿತ್ತು, ಅದು ಬೇರೆ ಮಾತು.

ನನ್ನ ಮಗಳ ಶಾಲೆಯಲ್ಲಿ ಲೀಡರನ್ನು ಮಾರ್ಕ್ಸ್ ನೋಡಿ ಟೀಚರೇ ಆರಿಸುತ್ತಿದ್ದರು. ಬ್ಯಾಡ್ಜ್, ಫೋಟೋ ಎಲ್ಲಾ ಭರ್ಜರಿ. ಮಕ್ಕಳ ಕೈಲಿ ಓಟು ಹಾಕಿಸಬಹುದಲ್ವಾ ಅಂತ ಪೇರೆಂಟ್ಸ್ ಮೀಟಿಂಗಿನಲ್ಲಿ ಎದ್ದು ಕೇಳಿದೆ. “ಟೈಮ್ ಎಲ್ಲಿದೆ ಸಾರ್, ಸಿವಿಕ್ಸ್ ಪೋರ್ಷನ್ನೇ ಇನ್ನೂ ಮುಗಿದಿಲ್ಲ” ಅಂದರು.