ಫ್ಲೂ ವೈರಸ್ ಮಾದರಿ, ನಾಲ್ಕನೇ ವಾರ: ಉಂಡೆಯಿಂದ ಎಳೆಗೆ

ಥರ್ಮೋಕೋಲ್ ಉಂಡೆ ಮುಗಿಯಿತು. ಅಳತೆ ಮೊದಲಿನದ್ದೇ, 1 ನ್ಯಾನೊಮೀಟರ್‌ಗೆ 1 ಮಿಲಿಮೀಟರ್. ಮುಳ್ಳು ಸೇರಿ ಸುಮಾರು 120 ನ್ಯಾನೊಮೀಟರ್ ಇರುವ ವೈರಸ್ ಈಗ ಅಂಗೈ ತುಂಬುತ್ತದೆ. ಅದರ ಮುಳ್ಳುಗಳು ಎರಡು ಬಗೆಯ ಪ್ರೋಟೀನ್. ಹೀಮಗ್ಲುಟಿನಿನ್‌ಗೆ ಕೆಂಪು ಗುಂಡುಪಿನ್ 300, ನ್ಯೂರಮಿನಿಡೇಸ್‌ಗೆ ಹಸಿರು 40. ಪಿನ್‌ನಿಂದ ಪಿನ್‌ಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಚುಚ್ಚುವುದಕ್ಕೇ ಎರಡು ಸಂಜೆ ಹಿಡಿಯಿತು.

ಆದರೆ ಈ ಗುಂಡಗಿನ ಆಕಾರ ಕೊಟ್ಟದ್ದು ಥರ್ಮೋಕೋಲ್, ಅಲ್ವಾ? ವೈರಸ್‌ನೊಳಗೆ ಥರ್ಮೋಕೋಲ್ ಇಲ್ಲ. ಅಲ್ಲಿ ಆ ಕೆಲಸ ಎಂ1 ಪ್ರೋಟೀನ್‌ನದ್ದು. ಪೊರೆಯ ಒಳಮೈಗೆ ಅಂಟಿಕೊಂಡು ಅದು ಸಾಲುಗಟ್ಟುತ್ತದೆ. ಆ ಸಾಲುಗಳು ಸುರುಳಿಯಾಗಿ ಸುತ್ತಿಕೊಂಡಿರುವುದು 2020ರ ಕ್ರಯೋ ಎಲೆಕ್ಟ್ರಾನ್ ಚಿತ್ರಗಳಲ್ಲಿ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದವು) ಕಾಣುತ್ತದೆ.

ಅದಕ್ಕೇ ಈ ವಾರ ಉಂಡೆ ಬದಿಗಿಟ್ಟೆ. ಅಲ್ಯೂಮಿನಿಯಂ ತಂತಿಯನ್ನು ಪೈಪಿಗೆ ಒತ್ತೊತ್ತಾಗಿ ಸುತ್ತಿದೆ. ಪೈಪ್ ಎಳೆದುಕೊಂಡರೂ ಸುರುಳಿ ನೆಟ್ಟಗೆ ನಿಂತಿತು! ಹಳೆಯ ಕಾಲುಚೀಲವನ್ನು ಡಬ್ಬದ ಬಾಯಿಗೆ ಬಿಗಿದು (ಅದು ಜೀವಕೋಶದ ಪೊರೆ), ಸುರುಳಿಯನ್ನು ಕೆಳಗಿನಿಂದ ಒತ್ತಿದೆ. ಬಟ್ಟೆ ಬೆರಳಿನ ಹಾಗೆ ಎದ್ದು ಬಂತು. ಸುರುಳಿಗೆ ಉದ್ದ ಬೆಳೆಯುವುದೇ ಸುಲಭ. ಗುಂಡಾಗಬೇಕಾದರೆ ಸುತ್ತು ಸುತ್ತಿಗೂ ತಂತಿಯನ್ನು ಬಗ್ಗಿಸಬೇಕು.

ನಿಜವಾದ ವೈರಸ್‌ನಲ್ಲೂ ಎರಡು ಬಗೆಯಿದೆ. 1972ರ ಉಡಾರ್ನ್ ತಳಿ ಎಳೆಎಳೆಯಾಗಿ ಹೊರಬರುತ್ತದೆ, 1933ರ ಡಬ್ಲ್ಯುಎಸ್‌ಎನ್ ಗುಂಡಗೆ. ಉಡಾರ್ನ್‌ನ ಎಂ ಜೀನ್ ತುಣುಕೊಂದನ್ನೇ (ಎಂ1 ತಯಾರಿಸುವ ಮಾಹಿತಿ ಇರುವುದು ಅದರಲ್ಲೇ) ಡಬ್ಲ್ಯುಎಸ್‌ಎನ್‌ಗೆ ಹಾಕಿದರೆ ಅದೂ ಎಳೆಯಾಗುತ್ತದೆ. ಎಂ1ನಲ್ಲಿ 252 ಅಮೈನೊ ಆಮ್ಲಗಳಿವೆ. ಒಂದೆರಡು ಬದಲಾದರೂ ಆಕಾರ ಬದಲಾಗಬಹುದು. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಹಾಗಂತ ಪಿನ್ನುಗಳು ಸುಮ್ನೆ ನಿಂತಿಲ್ಲ. ಅವುಗಳ ಒಳತುದಿ ಇದೆಯಲ್ಲ, ಅಂಥದ್ದೇ ಪುಟ್ಟ ಬಾಲ ಈ ಎರಡೂ ಪ್ರೋಟೀನ್‌ಗಳಿಗಿದೆ. ನ್ಯೂರಮಿನಿಡೇಸ್‌ನದ್ದು ಬರೀ 6 ಅಮೈನೊ ಆಮ್ಲದ ಬಾಲ. ಎರಡರ ಬಾಲವನ್ನೂ ತೆಗೆದರೆ ವೈರಸ್ ಸೊಟ್ಟಸೊಟ್ಟಗೆ, ಉದ್ದುದ್ದಕ್ಕೆ ಹುಟ್ಟುತ್ತದೆ.

ಉಳಿದದ್ದು ಕತ್ತು, ಅಂದರೆ ಹೊರಬರುವ ವೈರಸ್ ಜೀವಕೋಶದ ಪೊರೆಗೆ ಇನ್ನೂ ಅಂಟಿಕೊಂಡಿರುವ ಜಾಗ. ಮೊದಲು ಹೊರಗಿನಿಂದ ದಾರ ಕಟ್ಟಿದೆ, ಆಮೇಲೆ ಬಿಚ್ಚಿದೆ. ಅದು ಸರಿಯಲ್ಲ. ಕತ್ತು ಕತ್ತರಿಸುವ ಎಂ2 ಎಂಬ ಪ್ರೋಟೀನ್ ಇರುವುದು ಪೊರೆಯಲ್ಲೇ. ಅದರಲ್ಲೂ ಒಂದು ಪುಟ್ಟ ಸುರುಳಿಯಿದೆ (ಎಂ1 ಸಾಲುಗಳ ಸುರುಳಿಯಲ್ಲ), ಅದರ ಒಂದು ಮಗ್ಗುಲಿಗೆ ಕೊಬ್ಬು ಬೇಕು, ಇನ್ನೊಂದಕ್ಕೆ ನೀರು. ಅದು ಒಳಗಿನಿಂದ ಪೊರೆಗೆ ಬೆಣೆಯ ಹಾಗೆ ತೂರಿ ಬಗ್ಗಿಸುತ್ತದೆ. ಈ ಸುರುಳಿ ಕೆಟ್ಟರೆ ಕಣಗಳು ಬಿಡಿಯಾಗುವುದಿಲ್ಲ, ಪೋಣಿಸಿದ ಮಣಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ.

ಈಗ ಕಾಲುಚೀಲದ ಒಳಗಿನಿಂದಲೇ ಸುತ್ತ ಹೊಲಿದು, ಒಂದೊಂದು ಹೊಲಿಗೆಗೂ ನಾಲ್ಕು ನೀಲಿ ಮಣಿ ಹಾಕಿದ್ದೇನೆ. ಎಂ2 ಇರುವುದು ನಾಲ್ಕರ ಗುಂಪಾಗಿ. ದಾರ ಎಳೆದರೆ ಲಾಡಿ ಎಳೆದ ಹಾಗೆ ಕತ್ತು ಬಿಗಿಯುತ್ತದೆ. ಇನ್ನೂ ಎರಡು ಸೆಂಟಿಮೀಟರ್ ತೂತು ಉಳಿದಿದೆ. ನಾಳೆ ತೆಳುವಾದ ಬಟ್ಟೆ ತಂದು ನೋಡುತ್ತೇನೆ.