ಬೆಳದಿಂಗಳ ಹಿತ್ತಲು: ಕಾರ ಹುಣ್ಣಿಮೆಯಿಂದ ಗೌರಿ ಹುಣ್ಣಿಮೆವರೆಗೆ

ಕಾರ ಹುಣ್ಣಿಮೆ, ಜೂನ್ 2025

ಧಾರವಾಡದ ನಮ್ಮ ಹಿತ್ತಲು 12×18 ಅಡಿ. ರಾತ್ರಿ ಊಟ ಮುಗಿಸಿ ಒಗೆಯುವ ಕಲ್ಲಿನ ಮೇಲೆ ಕೂತರೆ, ದೀಪ ಹಚ್ಚದೆ ಕಣ್ಣಿಗೆ ಬೀಳುವ ಗಿಡಗಳಷ್ಟೇ ಅಲ್ಲಿರಬೇಕು ಅನ್ನುವುದು ನನ್ನ ಹಟ. ಬೆಳಕು ಇಳಿದಂತೆ ನಮ್ಮ ಕಣ್ಣಿನಲ್ಲಿ ಮೊದಲು ಆರುವ ಬಣ್ಣ ಕೆಂಪು. ಮುಸ್ಸಂಜೆಗೇ ದಾಸವಾಳ ಕಪ್ಪು. ಅದನ್ನು ಕಿತ್ತು ಮುಂದಿನ ಗೇಟಿನ ಹತ್ತಿರ ಹಚ್ಚಿದೆ. "ಬರೇ ಬಿಳೀದ ಹಚ್ಚತೀ ಅಂದ್ರ ಹಿತ್ತಲಾ ಹೆಂಗ ಕಾಣತೈತಿ?" ಅಂದಳು ಅವ್ವ.

ತಂದದ್ದು: ನಂದಿಬಟ್ಟಲು 2, ರಾತ್ರಿರಾಣಿ 1, ಬೆಳ್ಳಿ ಎಲೆಗೆಂದು ಡಸ್ಟಿ ಮಿಲ್ಲರ್ 6. ದುಂಡುಮಲ್ಲಿಗೆ ಮೊದಲೇ ಇತ್ತು, ಆದರೆ ಅದರ ಸುಗ್ಗಿ ಮುಗಿಯುತ್ತ ಬಂದಿದೆ. ಸಂಜೆಗೆ ಬಿಳಿ ಹೂ ಬಿಚ್ಚುವ ಚಂದ್ರಬಳ್ಳಿಯ (ಮೂನ್‌ಫ್ಲವರ್) ಬೀಜ ಕಲ್ಲಿನಷ್ಟು ಗಟ್ಟಿ. ಐದನ್ನು ಸಾಣೆಕಲ್ಲಿಗೆ ಉಜ್ಜಿ, ಒಂದು ರಾತ್ರಿ ನೆನೆಹಾಕಿ ಊರಿದೆ.

ಒಂದು ಲೆಕ್ಕ ತಪ್ಪಿದೆ. ಬೇಸಿಗೆಯ ಸೂರ್ಯ ಎತ್ತರ ಏರಿದರೆ ಹುಣ್ಣಿಮೆಯ ಚಂದ್ರ ತಗ್ಗಿನಲ್ಲೇ ದಕ್ಷಿಣಕ್ಕೆ ಹಾಯುತ್ತಾನೆ. ಈ ಸಲದ್ದಂತೂ 18-19 ವರ್ಷಕ್ಕೊಮ್ಮೆ ಬರುವಷ್ಟು ತಗ್ಗು. ದಕ್ಷಿಣಕ್ಕಿರುವ ಎರಡಂತಸ್ತಿನ ಮನೆಯ ನೆರಳು ಹಿತ್ತಲ ಮುಕ್ಕಾಲು ನುಂಗಿತು.

ಕಡ್ಲಿಗಡಬ ಹುಣ್ಣಿಮೆ, ಜುಲೈ

ಚಂದ್ರನೇ ಇಲ್ಲ, ಬರೀ ಜಿಟಿಜಿಟಿ ಮಳೆ. ಡಸ್ಟಿ ಮಿಲ್ಲರ್ ಆರರಲ್ಲಿ ಐದು ಕೊಳೆತವು. ಕೊನೆಯದರ ಎಲೆಯನ್ನು ಹೆಬ್ಬೆರಳಿನಿಂದ ಉಜ್ಜಿದೆ: ಒದ್ದೆ ಅರಳೆಯಂಥ ಬಿಳುಪು ಸುರುಳಿಯಾಗಿ ಎದ್ದು ಬಂತು, ಕೆಳಗೆ ಎಲ್ಲ ಎಲೆಗಳ ಹಾಗೇ ಹಸಿರು. ಬೆಳ್ಳಿ ಅನ್ನುವುದು ಬಣ್ಣವಲ್ಲ, ಕೂದಲು. ಬಿಸಿಲು ನಾಡಿನಲ್ಲಿ ನೀರು ಆರದ ಹಾಗೆ ಕಾಯುವ ಆ ಕೂದಲೇ ನಮ್ಮ ಮಳೆಯಲ್ಲಿ ನೀರು ಹಿಡಿದಿಟ್ಟು ಗಿಡವನ್ನು ಕೊಂದಿತು. ಬದಲಿಗೆ ಮೂನ್‌ಶೈನ್ ಅನ್ನುವ, ಬೆಳ್ಳಿ ಎಲೆಯ ಸ್ಯಾನ್ಸಿವೇರಿಯಾದ ಕುಂಡ ತಂದು ಸೂರಿನಡಿ ಇಟ್ಟಿದ್ದೇನೆ. ಅದರ ಎಲೆ ನುಣುಪು, ಕೂದಲ ಕಾಟವಿಲ್ಲ.

ಬ್ರಹ್ಮಕಮಲ (ನಮ್ಮ ಕಡೆ ಹಾಗನ್ನುವ ಮೆಕ್ಸಿಕೊ ಕಡೆಯ ಕಳ್ಳಿ, ಹಿಮಾಲಯದ್ದಲ್ಲ) ಅರಳಿದ್ದು ಅಮಾವಾಸ್ಯೆಯ ಹಿಂದಿನ ರಾತ್ರಿ. ಟಾರ್ಚ್ ಹಿಡಿದು ನೋಡಿದೆವು.

ನೂಲ ಹುಣ್ಣಿಮೆ, ಆಗಸ್ಟ್

ಮೋಡ ಸರಿದ ಅರ್ಧ ಗಂಟೆ ಸಿಕ್ಕಿತು. ರಾತ್ರಿರಾಣಿಯ ಹೂ ಬಿಳಿಯಲ್ಲ, ತಿಳಿಹಸಿರು. ಮೂಗಿಗಷ್ಟೇ ಇದೆ, ಕಣ್ಣಿಗಿಲ್ಲ. ಅದನ್ನು ಮೂಲೆಗೆ ಸರಿಸಿದೆ. ಗೆದ್ದದ್ದು ನಂದಿಬಟ್ಟಲು. ಎಲೆ ಕಡುಹಸಿರಾದ್ದರಿಂದ ಕತ್ತಲಲ್ಲಿ ಗಿಡವೇ ಮಾಯವಾಗಿ ಹೂಗಳಷ್ಟೇ ತೇಲುತ್ತವೆ. ದಿನವೂ ದೇವರ ಬುಟ್ಟಿಗೆ ಬಿಡಿಸುವ ಹೂವನ್ನು ಇಷ್ಟು ವರ್ಷ ಹೀಗೆ ನೋಡೇ ಇರಲಿಲ್ಲ.

ಅನಂತನ ಹುಣ್ಣಿಮೆ, ಸೆಪ್ಟೆಂಬರ್ 7

ಖಗ್ರಾಸ ಗ್ರಹಣ. 11ಕ್ಕೆ ಚಂದ್ರ ಪೂರ್ತಿ ತಾಮ್ರದ ಬಣ್ಣಕ್ಕೆ ತಿರುಗಿದಾಗ ನಂದಿಬಟ್ಟಲು ಸಹ ಅಳಿಸಿಹೋಯಿತು. ಒಳಗೆ ಬಾ ಅಂತ ಅವ್ವ ನಾಲ್ಕು ಸಲ ಕೂಗಿದಳು.

ಗಣಪತಿಯ ಪತ್ರಿಯಲ್ಲಿ ಬಂದಿದ್ದ ಮಾಚಿಪತ್ರೆಯ ಎರಡು ಕಡ್ಡಿ ಊರಿದ್ದೆ, ಚಿಗುರಿವೆ. ಎಲೆಯ ಮೇಲೆ ಹಸಿರು, ಅಡಿಯಲ್ಲಿ ಬಿಳಿ. ಗಾಳಿ ಬೀಸಿದಾಗಷ್ಟೇ ಬೆಳ್ಳಿ.

ಸೀಗಿ ಹುಣ್ಣಿಮೆ, ಅಕ್ಟೋಬರ್

ಮೂರು ಚಂದ್ರಬಳ್ಳಿ ಉಳಿದು ತಂತಿ ಹತ್ತಿವೆ. ಆರೂವರೆಗೆ ಕೊಡೆಯಂತೆ ಸುತ್ತಿಕೊಂಡ ಮೊಗ್ಗು ನಡುಗಿತು, ಒಂದು ಮಡಿಕೆ ಸಡಿಲಾಯಿತು, ನೋಡನೋಡುತ್ತ ಅಂಗೈಯಗಲ ಬಿಚ್ಚಿತು. ಕಾಫಿ ಆರಿಹೋಯಿತು. ಕತ್ತಲೇರಿದ ಮೇಲೆ ಉದ್ದ ಸೊಂಡಿಲಿನ ಪತಂಗವೊಂದು ಬಂದು, ಕೂಡದೆ ಗಾಳಿಯಲ್ಲೇ ನಿಂತು ಮಕರಂದ ಹೀರಿತು. ಅವ್ವನೂ ನೋಡಿದಳು, ಏನೂ ಅನ್ನಲಿಲ್ಲ.

ಗೌರಿ ಹುಣ್ಣಿಮೆ, ನವೆಂಬರ್

ಚಂದ್ರ ನಡುರಾತ್ರಿ ನೆತ್ತಿಗೇ ಬಂದ. ಪಕ್ಕದ ಮನೆಯ ನೆರಳು ಅದರ ಗೋಡೆಯ ಬುಡದಲ್ಲೇ ಉಳಿಯಿತು. ಅಂದರೆ ಈ ಹಿತ್ತಲಿಗೆ ಬೆಳದಿಂಗಳ ಕಾಲ ಚಳಿಗಾಲ, ಬೆಳ್ಳಿ ಎಲೆಯೂ ಚಳಿಗಾಲಕ್ಕೇ ಬೇಕು. ಹಾಗೆ ಯೋಚಿಸುತ್ತ ಕೂತಾಗ ಅವ್ವನೇ ಅಂದಳು: "ದವನಾ ಹಚ್ಚಲಾ, ಅದೂ ಬೂದೀ ಬಣ್ಣದ್ದ ಅಲ್ಲೇನ?" ಮಾಚಿಪತ್ರೆಯ ಬಳಗ, ಚಳಿಗೆ ಬಿತ್ತುವ ಬೆಳೆ, ಮಳೆಯ ಗೊಡವೆಯೇ ಇಲ್ಲ. ಚೈತ್ರದ ಹುಣ್ಣಿಮೆಗೆ ಅದರದೇ ಹೆಸರು, ನಾನೋ ನರ್ಸರಿಗೆ ಅಲೆದೆ!

ಬೀಜ ಧೂಳಿನಷ್ಟು ಸಣ್ಣ. ಮರಳಲ್ಲಿ ಬೆರೆಸಿ ಎರಡು ತಟ್ಟೆಗೆ ಉದುರಿಸಿದ್ದೇನೆ. ನಾಲ್ಕು ತಿಂಗಳೊಳಗೆ ಕೊಯ್ಲಿಗೆ ಬರುವ ಗಿಡ ಏಪ್ರಿಲ್‌ನ ದವನದ ಹುಣ್ಣಿಮೆವರೆಗೆ ನಿಲ್ಲಲಿಕ್ಕಿಲ್ಲ. ಮೂರನೆಯ ತಟ್ಟೆಯನ್ನು ಹೊಸ್ತಿಲ ಹುಣ್ಣಿಮೆ ದಾಟಿಸಿ ಬಿತ್ತಬೇಕು.